ಹತ್ತು ಹನ್ನೆರಡರ ರೂಮಿಗೆ ನೀಲಿಗಪ್ಪು: ನನ್ನ ಅನುಭವ

ಬಣ್ಣದ ಶೇಡ್ ಕಾರ್ಡಿನ ಕೊನೆಯ ಪುಟಗಳಲ್ಲಿ ಯಾರೂ ಕೇಳದೆ ಕೂತಿರುವ ನೀಲಿಗಪ್ಪನ್ನು ಮನೆಯೊಳಗೆ ಬಳಿಯುತ್ತೇನೆ ಅಂದಾಗ ಮೈಸೂರಿನ ನಮ್ಮ ಬಣ್ಣದವರಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. "ಗೇಟಿಗೆ ಹೊಡಿ, ಗ್ರಿಲ್ಲಿಗೆ ಹೊಡಿ, ಗೋಡೆಗೆ ಬೇಡ ಕಣಪ್ಪ" ಅಂದರು ಹಿರಿಯ ಮೇಸ್ತ್ರಿಯೊಬ್ಬರು. ಅಂಗಡಿಯವನು ಬಣ್ಣ ಬೆರೆಸುವ ಟಿಂಟಿಂಗ್ ಮಷಿನ್ ಒತ್ತುವ ಮೊದಲು "ವಾಪಸ್ ತಗೊಳಲ್ಲ ಅಣ್ಣ, ಆಮೇಲೆ ಬಂದು ಜಗಳ ಆಡಬೇಡಿ" ಅಂತ ಎಚ್ಚರಿಸಿದ. ಆದರೂ ಒಂದು ಹಳೆ ಮನೆಯ ರೂಮಿಗೆ ಅದನ್ನೇ ಬಳಿದೆ, ಆ ರೂಮು ಈಗ ಎರಡು ಮಳೆಗಾಲ ಕಂಡಿದೆ. ಅದನ್ನು ನೋಡಿಯೇ ನಾಲ್ಕೈದು ಕೆಲಸ ಸಿಕ್ಕಿವೆ. ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಎಲ್ಲರೂ ಮಾಡುವಂತೆ ಟಿವಿ ಹಿಂದಿನ ಒಂದೇ ಗೋಡೆಗೆ ಈ ಬಣ್ಣ ಕೊಟ್ಟಿದ್ದೆ, ಉಳಿದ ಮೂರಕ್ಕೆ ಕ್ರೀಮು. ಫೋಟೋದಲ್ಲಿ ಚಂದ ಬಂತು. ಸೋಫಾದಲ್ಲಿ ಕೂತು ನೋಡಿದರೆ ಮಾತ್ರ ಗೋಡೆಗೆ ತೂತು ಬಿದ್ದ ಹಾಗೆ ಕಾಣುತ್ತಿತ್ತು. ವರ್ಷ ತುಂಬುವುದರೊಳಗೆ ಆ ಮನೆಯವರು ಬೇರೆಯವರನ್ನು ಕರೆಸಿ ಬಿಳಿ ಮಾಡಿಸಿಕೊಂಡರು. ಮೂರು ಕಡೆ ತಿಳಿ ಬಣ್ಣ ಇದ್ದರೆ ಕಣ್ಣು ನಾಲ್ಕನೆಯದರ ಕತ್ತಲಿಗೆ ಒಗ್ಗುವುದೇ ಇಲ್ಲ. ಆದ್ದರಿಂದ ನನ್ನ ಪ್ರಕಾರ ಒಂದು ಗೋಡೆಗೆ ಹೊಡೆಯಬಾರದು. ಸಣ್ಣ ರೂಮು ಹಿಡಿದು ನಾಲ್ಕೂ ಗೋಡೆ, ಬಾಗಿಲ ಚೌಕಟ್ಟು, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಎಲ್ಲಕ್ಕೂ ಒಂದೇ ಬಣ್ಣ ಕೊಡಬೇಕು. ಬಿಳಿ ಪಟ್ಟಿ ಎಲ್ಲಿ ಬಿಟ್ಟರೂ ಕಣ್ಣು ಅಲ್ಲಿಗೇ ಓಡುತ್ತದೆ, ರೂಮು ಚಿಕ್ಕದಾಗುತ್ತದೆ.

ನಾನು ನೀಲಿಗಪ್ಪು ಬಳಿದ ಈ ಮನೆ ಹಳೆಯದು. ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ ಮದ್ರಾಸ್ ತಾರಸಿ, ತೇಗದ ತೊಲೆ, ನೆಲಕ್ಕೆ ರೆಡ್ ಆಕ್ಸೈಡ್. ಮುಂದಿನ ರೂಮು ಸುಮಾರು ಹತ್ತು ಅಡಿಗೆ ಹನ್ನೆರಡು ಅಡಿ, ಒಂದೇ ಕಿಟಕಿ. ಎಷ್ಟು ಬಿಳಿ ಬಳಿದರೂ ಬೆಳಕಾಗದ ರೂಮು ಅದು. ಹೇಗಿದ್ದರೂ ಕತ್ತಲೆ, ಪೂರ್ತಿ ಕತ್ತಲೆ ಮಾಡಿಬಿಡೋಣ ಅಂತ ಮನೆಯವರಿಗೆ ಹೇಳಿದೆ. ಗಂಡ ಹೆಂಡತಿ ಒಪ್ಪಿದರು. ಅಜ್ಜಿ "ಮನೆಗೆ ಮಸಿ ಬಳಿಯೋಕೆ ದುಡ್ಡು ಬೇರೆ ಕೊಡ್ತೀರಾ?" ಅಂದರು.

ಈಗ ಕೆಲಸದ ವಿಷಯ. ಗಾಢ ಬೇಸಿನಲ್ಲಿ, ಅಂದರೆ ಗಾಢ ಬಣ್ಣ ಮಾಡಲು ಬಳಸುವ ಮೂಲ ಪೇಂಟಿನಲ್ಲಿ, ಗೋಡೆಯನ್ನು ಮುಚ್ಚುವ ಟೈಟಾನಿಯಂ ಬಿಳಿ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಬೆರೆಸುವ ನೀಲಿ ಕಲರಂಟು (ಬಣ್ಣದ ದ್ರವ) ಸ್ವಭಾವತಃ ಪಾರದರ್ಶಕ. ಮೊದಲು ಅಸ್ತರಾಗಿ ಹೊಡೆಯುವ ಬಿಳಿ ಪ್ರೈಮರ್ ಮೇಲೆ ಹೊಡೆದರೆ ನಾಲ್ಕು ಕೈ (ಕೋಟ್) ಆದರೂ ಮುಚ್ಚುವುದಿಲ್ಲ, ರೋಲರ್ ಹೋದ ದಾರಿಯೆಲ್ಲ ಕಾಣುತ್ತದೆ. ಅಂಗಡಿಗೆ ಹೋಗಿ ಇನ್ನಷ್ಟು ಕಲರಂಟು ಹಾಕಿಸಿದರೆ ಮುಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ. ಒಂದು ಹಲಗೆ ಮೇಲೆ ಅದನ್ನೂ ನೋಡಿದ್ದೇನೆ. ಕಲರಂಟಿನಲ್ಲಿ ಗ್ಲೈಕಾಲ್ ಇರುತ್ತದೆ, ಬೇಗ ಒಣಗುವುದಿಲ್ಲ, ವಾರ ಕಳೆದ ಮೇಲೂ ಒದ್ದೆ ಬಟ್ಟೆಗೆ ನೀಲಿ ಹತ್ತುತ್ತಿತ್ತು. ಗೋಡೆಗೆ ಒರಗಿದವರ ಬಿಳಿ ಅಂಗಿಯ ಗತಿ ಏನು!

ಅದಕ್ಕೆ ಪರಿಹಾರ ಬೂದು ಪ್ರೈಮರ್. ಕೇಳಿದರೆ ಅಂಗಡಿಯಲ್ಲೇ ಟಿಂಟ್ ಮಾಡಿಕೊಡುತ್ತಾರೆ. ಆದರೆ ತೀರಾ ಗಾಢ ಮಾಡಿದರೆ ಮೇಲಿನ ನೀಲಿ ಸತ್ತು ಬರೀ ಕಪ್ಪು ಕಾಣುತ್ತದೆ, ತೀರಾ ತಿಳಿಯಾದರೆ ಒಂದು ಕೈ ಜಾಸ್ತಿ ಬೇಕು. ಯಾವ ಬೂದು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದರಲ್ಲಿ ಕಪ್ಪಿನ ಜೊತೆ ಇನ್ನೊಂದು ಕಲರಂಟು ಚೂರು ಹೋಗುತ್ತದೆ. ಅದು ಯಾವುದು ಅಂತ ಹೇಳುವುದಿಲ್ಲ, ನನಗೂ ಹೊಟ್ಟೆಪಾಡು ಇದೆ. ಆ ಬೂದಿನ ಮೇಲೆ ಎರಡು ಕೈಗೆ ಮುಚ್ಚಿತು, ಮೂರನೆಯದು ಕಿಟಕಿ ಎದುರಿನ ಗೋಡೆಗೆ ಮಾತ್ರ.

ಗಾಢ ಬಣ್ಣ ಗೋಡೆಯ ಗುಟ್ಟನ್ನೆಲ್ಲ ರಟ್ಟು ಮಾಡುತ್ತದೆ. ಕ್ರೀಮಿನಲ್ಲಿ ಅಡಗುವ ಕರಣೆ ಗೆರೆ, ಪುಟ್ಟಿಯ ಉಬ್ಬು, ಉಪ್ಪು ಕಾಗದದ ಗೀರು ಎಲ್ಲವೂ ಇಲ್ಲಿ ಎದ್ದು ಕಾಣುತ್ತವೆ. ರಾತ್ರಿ ದೀಪ ಆರಿಸಿ, ಒಂದು ಬಲ್ಬನ್ನು ಗೋಡೆಗೆ ತಾಗುವಂತೆ ಹಿಡಿದು, ನೆರಳು ಬಿದ್ದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದೆವು. ನೂರಾಎಂಬತ್ತು ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿ, ಇನ್ನೂ ನಯವಾದ ಮುನ್ನೂರಾಇಪ್ಪತ್ತರಲ್ಲಿ ಮುಗಿಸಿದ್ದು. ಉಜ್ಜಿದ ಧೂಳನ್ನು ಪೊರಕೆಯಲ್ಲಿ ಗುಡಿಸಿದರೆ ಸಾಲದು, ಒದ್ದೆ ಬಟ್ಟೆ ಬೇಕೇ ಬೇಕು. ಇಲ್ಲದಿದ್ದರೆ ಬಣ್ಣದೊಳಗೆ ಬಿಳಿ ಕಣ ಕೂತು ಬಿಡುತ್ತವೆ.

ಗೋಡೆಯ ಬುಡದಲ್ಲಿ ತೇವ ಇತ್ತು. ಪ್ಲಾಸ್ಟಿಕ್ ಹಾಳೆ ಅಂಟಿಸಿ ಬೆಳಿಗ್ಗೆ ನೋಡಿದರೆ ಒಳಗೆ ಹನಿ. ತಿಳಿ ಗೋಡೆಯಲ್ಲಿ ಉಪ್ಪು ಬಂದರೆ ಒರೆಸಿಕೊಂಡು ಹೋಗುತ್ತೇವೆ. ಇದರ ಮೇಲೆ ಬಂದರೆ ಬೀದಿಯಿಂದಲೇ ಕಾಣುತ್ತದೆ. ಹೊರಗಡೆ ಗೋಡೆಗೆ ಒರಗಿಸಿದ್ದ ಹೂವಿನ ಕುಂಡಗಳನ್ನು ಎತ್ತಿಸಿ, ಬುಡದ ಎರಡು ಅಡಿ ಗಾರೆ ಕೆರೆದು, ಒಣಗಲು ತಿಂಗಳು ಬಿಟ್ಟೆ. ಆ ತಿಂಗಳು ನನಗೆ ಒಂದು ಪೈಸೆ ಬರಲಿಲ್ಲ.

ಕಾಯುವ ಹೊತ್ತಿನಲ್ಲಿ ಹಿತ್ತಲ ಗೋಡೆ ಮೇಲೆ ಒಂದು ಹುಚ್ಚು ಪ್ರಯೋಗ ಮಾಡಿದೆ. ನಮ್ಮ ಹಿರಿಯರು ಸುಣ್ಣಕ್ಕೆ ನೀಲಿ ಹಾಕುತ್ತಿದ್ದರಲ್ಲ, ಅದನ್ನೇ ಜಾಸ್ತಿ ಹಾಕಿ ಕಾಡಿಗೆ ಕಪ್ಪು ಸೇರಿಸಿದರೆ ಅಗ್ಗದಲ್ಲಿ ನೀಲಿಗಪ್ಪು ಬಂದೀತೇ ಅಂತ. ಕಪ್ಪು ಪುಡಿ ನೀರಿಗೆ ಬೆರೆಯದೆ ಮೇಲೆ ತೇಲಿತು. ಸ್ಪಿರಿಟ್‌ನಲ್ಲಿ ಕಲಸಿದ ಮೇಲೆ ಬೆರೆಯಿತು. ಹೊಡೆದಾಗ ಅದ್ಭುತ ಬಣ್ಣ, ಒಣಗಿದ ಮೇಲೆ ಬೂದಿ. ಸುಣ್ಣವೇ ಬಿಳಿ, ಅದು ಎಷ್ಟಾದರೂ ತನ್ನ ಬಿಳಿಯನ್ನು ಬಿಟ್ಟುಕೊಡುವುದಿಲ್ಲ. ಪುಡಿ ಇನ್ನೂ ಹೆಚ್ಚಿಸಿದರೆ ಹಿಡಿತ ತಪ್ಪಿ ಕೈಗೆ ಬರುತ್ತದೆ. ಆ ಬೂದುನೀಲಿಯೇ ಚೆನ್ನಾಗಿದೆ ಅಂತ ಮನೆಯವರು ಹಿತ್ತಲಿಗೆ ಹಾಗೇ ಉಳಿಸಿಕೊಂಡಿದ್ದಾರೆ. ಪ್ರಷ್ಯನ್ ನೀಲಿಯನ್ನು ಮಾತ್ರ ಸುಣ್ಣಕ್ಕೆ ಹಾಕಬೇಡಿ, ಕ್ಷಾರಕ್ಕೆ ಕಂದು ತಿರುಗುತ್ತದೆ.

ಹೊಡೆಯುವಾಗ ಇಬ್ಬರು ಬೇಕು. ಒಬ್ಬ ಮೂಲೆ, ಅಂಚು ಬ್ರಷ್‌ನಲ್ಲಿ ಕಟ್ಟುತ್ತಾ ಹೋದರೆ ಇನ್ನೊಬ್ಬ ಅದು ಹಸಿ ಇರುವಾಗಲೇ ರೋಲರ್ ತರಬೇಕು. ಫ್ಯಾನ್ ಆಫ್. ಗೋಡೆಯ ಮಧ್ಯೆ ಕಾಫಿಗೆ ಇಳಿಯುವ ಹಾಗಿಲ್ಲ, ಇಳಿದ ಜಾಗದಲ್ಲಿ ಗೆರೆ ಕೂರುತ್ತದೆ. ಎಲ್ಲ ಡಬ್ಬಿಗಳನ್ನೂ ಒಂದು ಡ್ರಮ್ಮಿಗೆ ಸುರಿದು ಕಲಸಿಕೊಂಡೇ ಶುರು ಮಾಡಿದೆ, ಒಂದೊಂದು ಡಬ್ಬಿಗೂ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಪೂರ್ತಿ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ನೋಡಲು ಸೊಗಸು, ಆದರೆ ಕೈ ಉಜ್ಜಿದಲ್ಲಿ ಹೊಳಪು ಏಳುತ್ತದೆ. ಹೊಳಪಿನದು ಹಳೆ ಗೋಡೆಯ ಅಲೆಯನ್ನೆಲ್ಲ ತೋರಿಸುತ್ತದೆ. ನಡುವಿನದನ್ನು ಹಿಡಿದೆ.

ಮುಗಿದ ದಿನ ಸಂಜೆ ಬಿಳಿ ಎಲ್‌ಇಡಿ ಹಾಕಿದಾಗ ಮನೆಯವರ ಮುಖ ಬಿತ್ತು. ಇಂಥ ಗೋಡೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದಾರು ಪಾಲು ವಾಪಸ್ ಕೊಟ್ಟರೆ ಹೆಚ್ಚು. ಸೂರಿನ ಟ್ಯೂಬಿಗೆ ಬೆಲೆಯೇ ಇಲ್ಲ. ಅದನ್ನು ತೆಗೆಸಿ ಮೂರು ಸಾವಿರ ಕೆಲ್ವಿನ್‌ನ ಹಳದಿ ಬಲ್ಬುಗಳನ್ನು ಮೂರು ಕಡೆ, ಸೊಂಟದ ಎತ್ತರದಲ್ಲಿ ಇಡಿಸಿದೆ. ರೂಮೇ ಬೇರೆಯಾಯಿತು. ಹಗಲು ನೀಲಿ, ದೀಪ ಹಚ್ಚಿದ ಮೇಲೆ ಕಪ್ಪು. ಅಟ್ಟದ ಮೇಲಿದ್ದ ಬೀಟೆ ಕುರ್ಚಿ, ಹಿತ್ತಾಳೆ ದೀಪದ ಕಂಬ, ಚಿನ್ನದ ರೇಕಿನ ಮೈಸೂರು ಶೈಲಿಯ ಚಿತ್ರ ಕೆಳಗಿಳಿದವು. ನೆಲದ ಕೆಂಪು ಇಷ್ಟು ಕೆಂಪಿತ್ತು ಅಂತ ಮನೆಯವರಿಗೇ ಗೊತ್ತಿರಲಿಲ್ಲ. ಆ ವರ್ಷ ದಸರಾ ಗೊಂಬೆ ಇದೇ ರೂಮಿನಲ್ಲಿ ಕೂತವು. ನೋಡಲು ಬಂದವರಿಗೆ ಬಣ್ಣದ ಹೆಸರು, ನಂಬರು ಹೇಳುತ್ತಿದ್ದದ್ದು ಅಜ್ಜಿಯೇ!

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಬಣ್ಣ ಎಂಟು ಲೀಟರ್ ಆಸುಪಾಸು, ಐದು ಸಾವಿರ ಚಿಲ್ಲರೆ. ಪ್ರೈಮರ್ ಎಂಟುನೂರು, ಪುಟ್ಟಿ ಒಂದೂವರೆ ಚೀಲ, ಟೇಪು ರೋಲರು ಅದು ಇದು ಸೇರಿ ಎರಡು ಸಾವಿರ. ಇಬ್ಬರ ಕೂಲಿ ಹದಿಮೂರು ಹದಿನಾಲ್ಕು ಸಾವಿರಕ್ಕೆ ಹೋಯಿತು, ಹೆಚ್ಚು ಉಜ್ಜಿದ್ದಕ್ಕೇ. ಗಾರೆ ಕೆಲಸದ್ದು ಬೇರೆ, ಮನೆಯವರೇ ಕೊಟ್ಟರು. ನಾನು ಒಪ್ಪಿಕೊಂಡಿದ್ದು ಇಪ್ಪತ್ತೆರಡು ಸಾವಿರಕ್ಕೆ, ಕೈಯಲ್ಲಿ ಉಳಿದದ್ದು ಪೆಟ್ರೋಲಿಗಾಯಿತು. ಅದೇ ರೂಮಿಗೆ ಕ್ರೀಮು ಹೊಡೆಯಲು ಆಗ ಹನ್ನೆರಡು ಸಾವಿರ ಸಾಕಿತ್ತು. ಈಗ ನೀಲಿಗಪ್ಪು ಅಂದರೆ ಮಾಮೂಲಿ ರೇಟಿನ ಎರಡರಷ್ಟು ಹೇಳುತ್ತೇನೆ, ಅರ್ಧ ಮುಂಗಡ.

ಟಚಪ್ ಮಾಡಿದರೆ ತೇಪೆ ಕಾಣುತ್ತದೆ, ಮಾಡಿದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯೇ. ಅದಕ್ಕೆ ಒಂದು ಲೀಟರ್ ಉಳಿಸಿ, ಮುಚ್ಚಳದ ಸ್ಟಿಕ್ಕರ್ ಸಮೇತ ಮನೆಯವರ ಕೈಗೆ ಕೊಡುತ್ತೇನೆ. ಹಲ್ಲಿ ಹಿಕ್ಕೆ, ಧೂಳು ಕಾಣುವುದು ನಿಜ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಅಡುಗೆಮನೆ ಗೋಡೆಗೆ ಕೇಳಿದವರಿಗೆ ಮಾತ್ರ ಇನ್ನೂ ಒಪ್ಪಿಲ್ಲ, ಒಗ್ಗರಣೆ ಜಿಡ್ಡು ಇದರ ಮೇಲೆ ಒರೆಸಿದಷ್ಟೂ ಹರಡುತ್ತದೆ. ಕ್ಯಾಬಿನೆಟ್ ಬಾಗಿಲಿಗೆ ಬೇಕಾದರೆ ಪಿಯು (ಪಾಲಿಯುರೆಥೇನ್) ಬಣ್ಣ ಸ್ಪ್ರೇ ಮಾಡಿಕೊಡುತ್ತೇನೆ, ಅದರ ರೇಟು ಬೇರೆ.