ಲಾಭವನ್ನು ಬೋರ್ಡಿನಲ್ಲಿ ಬರೆದು ಬೆಲ್ಲ ಮಾರಿದ್ದು

‘ನಿನ್ನ ಲಾಭ ಎಷ್ಟು ಅಂತ ನೀನೇ ಬೋರ್ಡ್ ಹಾಕ್ತೀಯಾ? ಹಾಗಾದ್ರೆ ಗಾಣ ಮಾರೋಕೂ ಒಂದು ಬೋರ್ಡ್ ಬರೆಸಿಟ್ಕೋ.’

ನಾಲ್ಕು ವರ್ಷದ ಹಿಂದೆ ಪಕ್ಕದೂರಿನ ಆಲೆಮನೆ ಅಣ್ಣ ಹೇಳಿದ ಮಾತಿದು. ಗಾಣ ಇನ್ನೂ ನನ್ನ ಹತ್ತಿರವೇ ಇದೆ. ಹೋದ ತಿಂಗಳು ಅದೇ ಅಣ್ಣ ಬಂದು ಕಾಫಿ ಕುಡಿದು, ಬೋರ್ಡಿನ ಫೋಟೊ ತೆಗೆದುಕೊಂಡು ಹೋದರು. ಅದಕ್ಕೇ ಇಷ್ಟು ಬರೆಯುವ ಧೈರ್ಯ ಬಂತು.

ಮಂಡ್ಯದ ಕಡೆ ಆಲೆಮನೆ ನಡೆಸೋರಿಗೆ ಕಷ್ಟ ಹೇಳಬೇಕಾಗಿಲ್ಲ. ಹೈಡ್ರೋಸ್ ಅನ್ನೋ ಬಣ್ಣ ತಿಳಿಯಾಗಿಸೋ ರಾಸಾಯನಿಕ ಹಾಕಿದರೆ ಬೆಲ್ಲ ಹಳದಿ ಆಗುತ್ತದೆ, ಮಂಡಿಯಲ್ಲಿ ರೇಟು ಸಿಗುತ್ತದೆ. ಕೆಲವರು ಹಳೇ ಸಕ್ಕರೆಯನ್ನೇ ಕೊಪ್ಪರಿಗೆಗೆ ಸುರಿಯುತ್ತಾರೆ. ನಾನೂ ಹೈಡ್ರೋಸ್ ಹಾಕಿದವನೇ. ಆದರೆ ನಮ್ಮ ಮನೆಗೆ ಅಂತ ಬೇರೆ ಪಾಕ ಇಳಿಸುತ್ತಿದ್ದೆ, ಹೈಡ್ರೋಸ್ ಇಲ್ಲದ್ದು. ಒಂದು ದಿನ ಮಗಳು ಕೇಳಿದಳು, ‘ಅಪ್ಪಾ, ಮಾರೋ ಬೆಲ್ಲ ನಾವ್ಯಾಕೆ ತಿನ್ನಲ್ಲ?’ ಉತ್ತರ ಇರಲಿಲ್ಲ. ಸುಮ್ನೆ ಬೈದು ಕಳಿಸಿದೆ.

ಆಮೇಲೆ ಹೈಡ್ರೋಸ್ ಬಿಟ್ಟೆ. ಮೊದಲ ವರ್ಷ ಅದಿಲ್ಲದೆ ಸುಮಾರು 25 ಟನ್ ಮಾಡಿದೆ. ಕಂದು ಬೆಲ್ಲಕ್ಕೆ ಮಂಡಿಯಲ್ಲಿ ಕ್ವಿಂಟಲಿಗೆ 400 ರೂಪಾಯಿ ಕಡಿಮೆ. ಅಂದರೆ 1 ಲಕ್ಷ ಅಲ್ಲೇ ಹೋಯಿತು. ಮಳೆಗೆ ಬೆವೆತು ನೀರು ಬಿಟ್ಟ ಅಚ್ಚುಗಳ ಲೆಕ್ಕ ಬೇರೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಕೂತಿತು.

ಎರಡನೇ ವರ್ಷ ಮಂಡಿ ಬಿಟ್ಟು ಹೆದ್ದಾರಿ ಪಕ್ಕ ನಾನೇ ಮಾರೋಕೆ ಕೂತೆ. ಕೆಜಿಗೆ 62 ಅಂದರೆ ಕಾರಿನವರು, ‘ಮಂಡಿಯಲ್ಲಿ 44 ಅಲ್ವಾ, ನಮಗೆ ಟೋಪಿ ಹಾಕ್ತೀರಾ?’ ಅಂತ ಕೇಳೋರು. ಸಿಟ್ಟಿಗೆ ಒಂದು ತಗಡಿನ ಮೇಲೆ ಕಬ್ಬು, ಕೂಲಿ, ಡೀಸೆಲ್ಲು, ಬಡ್ಡಿ, ಡಬ್ಬ ಎಲ್ಲಾ ಬರೆದು, ಕೊನೆಗೆ ‘ನನ್ನ ಲಾಭ 14’ ಅಂತ ಬರೆದೆ.

ಅದು ಪೂರ್ತಿ ತಿರುಗುಬಾಣ. ಮೊದಲು ಬೆಲೆ ಚೌಕಾಸಿ ಮಾಡುತ್ತಿದ್ದವರು ಈಗ ಲಾಭವನ್ನೇ ಚೌಕಾಸಿ ಮಾಡೋಕೆ ಶುರು ಮಾಡಿದರು. ‘ಹದಿನಾಲ್ಕರಲ್ಲಿ ನಾಲ್ಕು ಬಿಡಿ’ ಅಂತ. ಹದಿನೈದು ದಿನಕ್ಕೆ ತಗಡು ಇಳಿಸಿದೆ.

ತಪ್ಪು ಹಿಡಿದವಳು ಹೆಂಡತಿ. ರಾತ್ರಿ ತಗಡು ನೋಡುತ್ತಾ, ‘ಕೂಲಿ ಅಂತ ಬರೆದಿದ್ದೀರಲ್ಲ, ಇದರಲ್ಲಿ ನಾನೆಲ್ಲಿ ಇದ್ದೀನಿ?’ ಅಂದಳು. ಬೆಳಗಿನ ಜಾವ ಎದ್ದು, ಕಬ್ಬಿನ ಹಾಲಿನ ಕೊಳೆ ತೆಗೆಯೋ ಲೋಳೆಗೆ ಬೆಂಡೆ ಜಜ್ಜೋದು ಅವಳು, ಅಚ್ಚು ಕಿತ್ತು ಡಬ್ಬಕ್ಕೆ ತುಂಬೋದು ಅವಳು. ಹದಿನಾಲ್ಕರಲ್ಲಿ ಮೂರು ರೂಪಾಯಿ ನಮ್ಮಿಬ್ಬರ ಕೂಲಿಯೇ ಆಗಿತ್ತು. ಇಪ್ಪತ್ತು ವರ್ಷ ನಾನು ಲಾಭ ಅಂತ ಎಣಿಸುತ್ತಿದ್ದುದರಲ್ಲಿ ಅವಳ ಬೆವರೂ ಸೇರಿತ್ತು. ಹೊಸ ಬೋರ್ಡು ಬರೆಸಿದೆ: ಕಬ್ಬು 30, ಆಳುಗಳ ಕೂಲಿ 7, ಮನೆಯವರ ಕೂಲಿ 3, ಸುಣ್ಣ-ಬೆಂಡೆ-ಡೀಸೆಲ್ 2, ರಿಪೇರಿ-ಬಡ್ಡಿ 4, ಡಬ್ಬ-ಸಾಗಾಣಿಕೆ 5, ಲಾಭ 11. ಆಮೇಲೆ ಚೌಕಾಸಿ ಮುಕ್ಕಾಲು ಪಾಲು ನಿಂತಿತು. ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ಮನೆಯವರ ಕೂಲಿ ಅನ್ನೋ ಸಾಲು ಓದಿ ಹೆಂಗಸರು ನಗುತ್ತಾರೆ, ದುಡ್ಡು ಕೊಡುತ್ತಾರೆ.

ಇದೇ ಲೆಕ್ಕದ ಚೀಟಿಯನ್ನು ಡಬ್ಬದ ಮೇಲೂ ಅಂಟಿಸಿದಾಗ ಆಡಿಟರ್ ತಲೆ ಚಚ್ಚಿಕೊಂಡರು. 2022ರ ಜುಲೈಯಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಬೆಲ್ಲಕ್ಕೆ ಶೇ 5 ಜಿಎಸ್‌ಟಿ ಇದೆ, ಬಿಡಿ ಬೆಲ್ಲಕ್ಕಿಲ್ಲ. ಸರಿ, ಡಬ್ಬಕ್ಕೆ ತೆರಿಗೆಯದೂ ಒಂದು ಸಾಲು ಸೇರಿಸಿ 65 ಮಾಡಿದೆ. ಪಾತ್ರೆ ತಂದವರಿಗೆ ಬಿಡಿ ಬೆಲ್ಲ, ಅದರಲ್ಲಿ ಡಬ್ಬದ ದುಡ್ಡೂ ಕಡಿತ.

ನಡುವೆ ಒಂದು ಕೈ ಸುಟ್ಟುಕೊಂಡ ಪ್ರಯೋಗ. ಜೋನಿ ಬೆಲ್ಲ, ಅಂದರೆ ನೀರಾಗಿರೋ ಬೆಲ್ಲ ಮಾಡಿ ಬಾಟಲಿಗೆ ತುಂಬಿದೆ. ಪಾಕ ಎಳಸಾಗಿತ್ತು, ಹುಳಿ ಬಂದು ಮುಚ್ಚಳಗಳು ಪಟಪಟ ಹಾರಿದವು. 18 ಸಾವಿರ ನಷ್ಟ, ಇರುವೆಗಳಿಗೆ ಹಬ್ಬ. ಇನ್ನೊಂದು ಶುಂಠಿ-ಮೆಣಸಿನ ಸಣ್ಣ ತುಂಡು ಬೆಲ್ಲ. ಅದರ ಲಾಭ ಕೆಜಿಗೆ 90! ಬರೆಯೋಕೆ ನಾಚಿಕೆ ಆಯಿತು, ಆದರೂ ಬರೆದೆ. ಒಬ್ಬರೂ ತಕರಾರು ತೆಗೆಯಲಿಲ್ಲ. ಸಾದಾ ಬೆಲ್ಲದ 11 ರೂಪಾಯಿಗೆ ಹುಬ್ಬೇರಿಸುವವರೇ 90 ಲಾಭ ಕೊಟ್ಟು ಎರಡು ಪೊಟ್ಟಣ ಒಯ್ಯುತ್ತಾರೆ. ಹಾಗಾದರೆ ಯಾವುದು ನ್ಯಾಯದ ಲಾಭ? ನನಗಂತೂ ಬಗೆಹರಿದಿಲ್ಲ. ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಅಂದಳಂತೆ. ದೊಡ್ಡ ಮಾತು. ಆದರೆ ಮಾರಯ್ಯನಿಗೆ ಸೊಸೈಟಿ ಕಂತು ಇರಲಿಲ್ಲ, ಎಂಟು ಜನಕ್ಕೆ ಶನಿವಾರ ಬಟವಾಡೆ ಕೊಡಬೇಕಾಗಿರಲಿಲ್ಲ.

ನಿಜವಾದ ದುಡ್ಡು ಉಳಿದದ್ದು ಬೇರೆ ಕಡೆ. ಕಬ್ಬಿನ ರೈತರೂ ಬೋರ್ಡು ಓದುತ್ತಾರಲ್ಲ! ‘ನಿಮಗೆ ಹನ್ನೊಂದು, ಚೆನ್ನಾಗಿದೆ ಬಿಡಿ’ ಅಂದರು. ಸೀಸನ್ ಮುಗಿದ ಮೇಲೆ, ಲಾಭ 11 ದಾಟಿದ್ದರೆ ದಾಟಿದ್ದರಲ್ಲಿ ಅರ್ಧ ಅವರಿಗೆ ಅಂತ ಒಪ್ಪಿದೆ. ಯುಗಾದಿಗೆ ಟನ್ನಿಗೆ 150ರ ಹಾಗೆ ಕೊಟ್ಟೆ. ಅಲ್ಲಿಂದ ಅವರು ನಾನು ಹೇಳಿದ ದಿನಕ್ಕೇ ಕಬ್ಬು ಕಡಿದು ಅವತ್ತೇ ಗಾಣಕ್ಕೆ ತರುತ್ತಾರೆ. ಮೊದಲು ಎರಡು-ಮೂರು ದಿನ ಒಣಗಿದ ಕಬ್ಬು ಬರುತ್ತಿತ್ತು, ಪಾಕ ಗಟ್ಟಿಯಾಗುತ್ತಿರಲಿಲ್ಲ. ಟನ್ನಿಗೆ 98 ಕೆಜಿ ಬರುತ್ತಿದ್ದ ಬೆಲ್ಲ ಈಗ 106ರ ಆಸುಪಾಸು. ಕೊಟ್ಟ 150ಕ್ಕೆ ಎರಡು-ಮೂರು ಪಟ್ಟು ವಾಪಸ್ ಬಂತು. ಧರ್ಮಕ್ಕೆ ಕೊಟ್ಟೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ.

ಹೈಡ್ರೋಸ್ ಇಲ್ಲದೆಯೂ ನನ್ನ ಬೆಲ್ಲ ಕಪ್ಪಾಗದೆ ಜೇನಿನ ಬಣ್ಣ ಬರೋದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಬೆಂಡೆ ಲೋಳೆ ಯಾವ ಹೊತ್ತಿಗೆ, ಎಷ್ಟು ಸಲ ಬಿಡುತ್ತೇನೆ ಅನ್ನೋದರಲ್ಲಿದೆ. ಅದನ್ನು ಬೋರ್ಡಿನಲ್ಲೂ ಬರೆದಿಲ್ಲ, ಇಲ್ಲೂ ಬರೆಯಲ್ಲ.

ಈ ಸೀಸನ್ನಿನಲ್ಲಿ ಕೊಪ್ಪರಿಗೆ ಹತ್ತಿರ ನಿಲ್ಲುವ ಹಿರಿಯಾಳು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದ. ‘ಅಣ್ಣಾ, ಎಂಟು ಜನಕ್ಕೆ ಏಳು ರೂಪಾಯಿ, ನಿಮಗೊಬ್ಬರಿಗೇ ಹನ್ನೊಂದಾ?’ ಅಂದ. ಗಾಣ ನಂದು, ಸಾಲ ನಂದು, ನಷ್ಟ ಆದರೂ ನಂದೇ ಅಂತ ಹೇಳಿದೆ. ಅವನು ತಲೆಯಾಡಿಸಿ ಹೋಗಿ ಬೆಂಕಿಗೆ ಸಿಪ್ಪೆ ತಳ್ಳಿದ. ನಾಲ್ಕು ದಿನ ಬಿಟ್ಟು ಪೇಂಟರನ್ನು ಕರೆಸಿದೆ. ಈಗ ಬೋರ್ಡಿನಲ್ಲಿ ಕೂಲಿ 8.50, ಲಾಭ 9.50. ಅವನು ಅದನ್ನೂ ಓದಿದ, ಇನ್ನೂ ಏನೂ ಹೇಳಿಲ್ಲ.