ಹಳೆ ಕ್ಯಾಮೆರಾಕ್ಕೆ ಲ್ಯಾನ್ ಕೇಬಲ್: ಡಿವಿಆರ್‌ವರೆಗೆ ಎಳೆಯುವುದು ಹೇಗೆ?

‘ಹಗಲೆಲ್ಲ ಚಲೋ ಕಾಣ್ತೈತ್ರಿ, ಕತ್ತಲಾದ ಕೂಡ್ಲೆ ಹೋಗಿ ಹೋಗಿ ಬರ್ತೈತಿ.’ ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಅಂಗಡಿಯಿರಲಿ, ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿರಲಿ, ಗದಗ–ಬೆಟಗೇರಿಯ ಮಗ್ಗದ ಮನೆಯಿರಲಿ, ಹಳೆಯ ಅನಲಾಗ್ ಕ್ಯಾಮೆರಾಗಳಿಗೆ ಲ್ಯಾನ್ ಕೇಬಲ್ ಎಳೆದ ಕಡೆ ಮೊದಲು ಕೇಳಿಬರುವ ದೂರು ಇದು. ಕ್ಯಾಮೆರಾ ಕೆಟ್ಟಿತೆಂದು ಹೊಸದು ತಂದು ಹಾಕುತ್ತಾರೆ. ಅದೂ ಸಂಜೆ ಏಳರ ಮೇಲೆ ಹಾಗೇ ಮಾಡುತ್ತದೆ. ಬಹುತೇಕ ಕಡೆ ಕ್ಯಾಮೆರಾ ಸರಿಯಾಗಿಯೇ ಇರುತ್ತದೆ. ಅದಕ್ಕೆ ತಲುಪಬೇಕಾದ 12 ವೋಲ್ಟ್ ದಾರಿಯಲ್ಲೇ ಖರ್ಚಾಗಿರುತ್ತದೆ.

ಕೆಲಸ ಕಷ್ಟದ್ದಲ್ಲ. ಅನಲಾಗ್ ಕ್ಯಾಮೆರಾದ ಚಿತ್ರ 75 ಓಮ್‌ನ ಕೋಯಾಕ್ಸಿಯಲ್ ತಂತಿಗೆಂದು ಮಾಡಿದ್ದು. ಲ್ಯಾನ್ ಕೇಬಲ್‌ನ ಹೊಸೆದ ಜೋಡಿ 100 ಓಮ್‌ನದು. ಎರಡನ್ನೂ ಹೊಂದಿಸುವ ಬೆರಳುದ್ದದ ಸಾಮಾನಿನ ಹೆಸರು ವಿಡಿಯೊ ಬಲನ್. ಅಂಗಡಿಯಲ್ಲಿ ಬಲೂನ್ ಅಂದರೂ ಇದನ್ನೇ ಕೊಡುತ್ತಾರೆ. ಕ್ಯಾಮೆರಾದ ಕಡೆ ಒಂದು, ಚಿತ್ರ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್ ಕಡೆ ಒಂದು, ಹೀಗೆ ಜೋಡಿಯಾಗಿಯೇ ಹಾಕಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. ಲ್ಯಾನ್ ಕೇಬಲ್ ಬಳಸಿದ ಮಾತ್ರಕ್ಕೆ ಹಳೆ ಕ್ಯಾಮೆರಾ ಐಪಿ ಕ್ಯಾಮೆರಾ (ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಕ್ಯಾಮೆರಾ) ಆಗುವುದಿಲ್ಲ. ಡಿವಿಆರ್ ಹಿಂದಿರುವ ಲ್ಯಾನ್ ಕಿಂಡಿ ಇಂಟರ್ನೆಟ್ ರೌಟರ್‌ಗಷ್ಟೇ; ಕ್ಯಾಮೆರಾ ಬಂದು ಸೇರುವುದು ದುಂಡನೆಯ ಬಿಎನ್‌ಸಿ ಕಿಂಡಿಗೆ. ಕಟ್ಟಡದಲ್ಲಿ ಮೊದಲೇ ಇರುವ ಕಂಪ್ಯೂಟರ್ ಕೇಬಲ್‌ ಬಳಸುವುದಾದರೆ ಎರಡೂ ತುದಿಗಳನ್ನು ನೆಟ್‌ವರ್ಕ್ ಸ್ವಿಚ್‌ನಿಂದ ಪೂರ್ತಿ ಬಿಡಿಸಿಕೊಳ್ಳಿ. ನೇರವಾಗಿ 48 ವೋಲ್ಟ್ ಬಿಡುವ ಅಗ್ಗದ ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟು ಕಳಿಸುವ) ಇಂಜೆಕ್ಟರ್‌ಗೆ ಅಪ್ಪಿತಪ್ಪಿ ಸಿಕ್ಕಿಸಿದರೆ 12 ವೋಲ್ಟ್‌ನ ಕ್ಯಾಮೆರಾ ಅಲ್ಲಿಗೆ ಮುಗಿಯಿತು.

ಏನೇನು ತರಬೇಕು

ಮುಂದೆ ಅಂಗಡಿ, ಹಿಂದೆ ಗೋದಾಮು, ನಡುವೆ ಅಂಗಳ ಇರುವ ಜಾಗ ಎಂದುಕೊಳ್ಳಿ. ನಾಲ್ಕು ಕ್ಯಾಮೆರಾ; ಡಿವಿಆರ್‌ನಿಂದ ಕೇಬಲ್ ದೂರ 18, 35, 60 ಮತ್ತು 90 ಮೀಟರ್. ಇದಕ್ಕೆ ನಾಲ್ಕು ಜೊತೆ ಬಲನ್, 230 ವೋಲ್ಟನ್ನು ಇಳಿಸಿ ಕೊಡುವ 12 ವೋಲ್ಟ್ 5 ಆಂಪಿಯರ್‌ನ ಒಂದು ಎಸ್‌ಎಂಪಿಎಸ್, ಸ್ಕ್ರೂ ಇರುವ ಡಿಸಿ ಪಿನ್ ನಾಲ್ಕು, ಕ್ಯಾಮೆರಾಕ್ಕೊಂದರಂತೆ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ಒಂದು ಮಲ್ಟಿಮೀಟರ್ ಬೇಕು. 305 ಮೀಟರ್‌ನ ಒಂದು ಪೆಟ್ಟಿಗೆ ಕ್ಯಾಟ್ 6 ಅಥವಾ ಕ್ಯಾಟ್ 5ಇ ಕೇಬಲ್ ತಂದರೆ ನಾಲ್ಕಕ್ಕೂ ಆಗಿ ಉಳಿಯುತ್ತದೆ.

ಬಲನ್ ಕೊಳ್ಳುವಾಗ ಎಚ್‌ಡಿ ಎಂದು ಬರೆದಿರುವುದನ್ನೇ ಕೇಳಿ. ಹಳೆಯ ಟಿವಿಎಲ್ (ಚಿತ್ರದ ಸ್ಪಷ್ಟತೆಯನ್ನು ಟಿವಿ ಗೆರೆಗಳಲ್ಲಿ ಹೇಳುವ) ಕ್ಯಾಮೆರಾಕ್ಕೂ ಅದು ನಡೆಯುತ್ತದೆ, ನಾಳೆ 2 ಮೆಗಾಪಿಕ್ಸೆಲ್‌ನದು, ಅಂದರೆ 1080ಪಿ, ಹಾಕಿದರೂ ನಡೆಯುತ್ತದೆ. ಹಳೆ ಕಾಲದ ಬಲನ್‌ಗೆ 1080ಪಿ ಚಿತ್ರ ಹೊರುವ ತಾಕತ್ತಿಲ್ಲ. ತಂತಿ ಕೂರಿಸಲು ಸ್ಕ್ರೂ ಇರುವುದೇ ಬೇಕು. ಒತ್ತಿ ಸಿಕ್ಕಿಸುವ ಬಗೆಯದು ವರ್ಷದೊಳಗೆ ಸಡಿಲಾಗುತ್ತದೆ. ಚಿತ್ರ, ಕರೆಂಟು ಎರಡನ್ನೂ ಆರ್‌ಜೆ 45 ಪ್ಲಗ್‌ನಲ್ಲೇ ಕೊಡುವ ಬಲನ್ ನೋಡಲು ಅನುಕೂಲ, ಆದರೆ ಯಾವ ಪಿನ್‌ಗೆ ಕರೆಂಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ತುದಿಯದು ಕೆಟ್ಟು ಇನ್ನೊಂದು ಕಂಪನಿಯದನ್ನು ಹಾಕಿದ ದಿನ ಚಿತ್ರದ ತಂತಿಗೆ 12 ವೋಲ್ಟ್ ನುಗ್ಗಬಹುದು. ಅದನ್ನು ಬಿಟ್ಟುಬಿಡಿ.

ಕೇಬಲ್ ಶುದ್ಧ ತಾಮ್ರದ್ದೇ ಆಗಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಕೇಬಲ್ ಪೆಟ್ಟಿಗೆ ಎತ್ತಿದರೆ ಹಗುರ. ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ: ಒಳಗೆ ಬೆಳ್ಳಗೆ ಕಂಡರೆ ಹಿಂದಕ್ಕೆ ಕೊಡಿ. ಅದರ ರೋಧ ತಾಮ್ರದ ಒಂದೂವರೆ ಪಟ್ಟು, ಸ್ಕ್ರೂ ಕೆಳಗೆ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಬಿಸಿಲಿಗೆ ಬೀಳುವ ಕಡೆ ಕಪ್ಪು ಹೊದಿಕೆಯ ಹೊರಾಂಗಣದ ಕೇಬಲ್ ಹಾಕಿ, ಇಲ್ಲವೇ ಪೈಪಿನೊಳಗೆ ಎಳೆಯಿರಿ. ಬೂದು ಬಣ್ಣದ ಒಳಾಂಗಣದ ಕೇಬಲ್ ನಮ್ಮ ಏಪ್ರಿಲ್ ಬಿಸಿಲಿಗೆ ಸಿಪ್ಪೆ ಬಿಡುತ್ತದೆ.

ಎಳೆಯುವುದು

230 ವೋಲ್ಟ್ ವೈರಿಂಗ್‌ನಿಂದ ಒಂದಡಿ ದೂರ ಇರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ನಡುವೆ ಜೋಡಣೆ ಬೇಡ. ಇಷ್ಟು ಸಾಕು.

ಎಳೆದಾದ ಮೇಲೆ, ಏನನ್ನೂ ಜೋಡಿಸುವ ಮೊದಲು, ಈ ಒಂದು ಪರೀಕ್ಷೆ ಮಾಡಿ. ಆ ತುದಿಯಲ್ಲಿ ನೀಲಿ ಮತ್ತು ಬಿಳಿ–ನೀಲಿ ತಂತಿಗಳ ತಾಮ್ರ ಸುಲಿದು ಒಂದಕ್ಕೊಂದು ಹೊಸೆಯಿರಿ. ಈ ತುದಿಯಲ್ಲಿ ಅವೆರಡರ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಿರಿ. ಒಳ್ಳೆಯ ತಾಮ್ರದ ಕ್ಯಾಟ್ 5ಇ ಆದರೆ 60 ಮೀಟರ್‌ಗೆ 10ರಿಂದ 11 ಓಮ್ ಬರುತ್ತದೆ; ದಪ್ಪ ಎಳೆಯ ಕ್ಯಾಟ್ 6 ಆದರೆ ಇನ್ನೂ ಸ್ವಲ್ಪ ಕಡಿಮೆ. ಕ್ಯಾಟ್ 5ಇಯಲ್ಲಿ 16ರ ಆಸುಪಾಸು ಬಂದರೆ ಕೇಬಲ್ ಸಿಸಿಎ. ಏನೂ ಬರದಿದ್ದರೆ ಎಲ್ಲೋ ಕಡಿದಿದೆ. ಹೀಗೇ ನಾಲ್ಕೂ ಜೋಡಿ ನೋಡಿ. ಕೇಬಲ್ ಹೊದಿಕೆಯ ಮೇಲೆ ಮೀಟರ್ ಲೆಕ್ಕ ಅಚ್ಚಾಗಿರುತ್ತದೆ. ಎರಡು ತುದಿಯ ಅಂಕಿ ಕಳೆದರೆ ಉದ್ದ ಸಿಗುತ್ತದೆ. ಮರಳಿ ಬಂದು ಹೊಸೆದದ್ದನ್ನು ಬಿಡಿಸುವುದನ್ನು ಮರೆಯಬೇಡಿ.

ಚಿತ್ರಕ್ಕೆ ಒಂದು ಜೋಡಿ

ನೀಲಿ ಜೋಡಿಯನ್ನು ಚಿತ್ರಕ್ಕೆ ಮೀಸಲಿಡಿ. ನೀಲಿ ಬಲನ್‌ನ ಪ್ಲಸ್‌ಗೆ, ಬಿಳಿ–ನೀಲಿ ಮೈನಸ್‌ಗೆ, ಎರಡೂ ತುದಿಯಲ್ಲಿ ಹಾಗೇ. ಒಂದು ತುದಿಯಲ್ಲಿ ಅದಲುಬದಲಾದರೆ ಚಿತ್ರ ಬರುವುದಿಲ್ಲ, ಅಥವಾ ಮಸುಕಾಗಿ ಉರುಳುತ್ತದೆ.

ಮಾಡಬಾರದ್ದು ಒಂದಿದೆ: ನೀಲಿಯನ್ನು ಪ್ಲಸ್‌ಗೆ, ಹಸಿರನ್ನು ಮೈನಸ್‌ಗೆ ಹಾಕುವುದು. ಮೀಟರ್ ಹಚ್ಚಿದರೆ ತಂತಿ ಸರಿಯಾಗಿಯೇ ಕಾಣುತ್ತದೆ, ಹತ್ತು ಮೀಟರ್‌ನಲ್ಲಿ ಚಿತ್ರವೂ ಬರುತ್ತದೆ. ಆದರೆ ಎರಡು ತಂತಿ ಒಂದಕ್ಕೊಂದು ಹೊಸೆದುಕೊಂಡಿರುವುದರಿಂದಲೇ ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಸಮ ಬಿದ್ದು, ಬಲನ್‌ನಲ್ಲಿ ವಜಾ ಆಗುವುದು. ಜೋಡಿ ಒಡೆದರೆ ಆ ರಕ್ಷಣೆ ಹೋಯಿತು. ಮೋಟಾರ್ ಶುರುವಾದಾಗಲೆಲ್ಲ ಚಿತ್ರದಲ್ಲಿ ಗೆರೆ ಓಡುತ್ತದೆ, ಪಕ್ಕದ ಕ್ಯಾಮೆರಾದ ನೆರಳು ಇಣುಕುತ್ತದೆ. ಅದೇ ಕಾರಣಕ್ಕೆ ಬಲನ್ ಹತ್ತಿರ ಹೊಸೆತವನ್ನು ಒಂದೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಬಿಡಿಸಬೇಡಿ. ಸುಂದರವಾಗಿ ಕಾಣಲೆಂದು ಒಂದು ಗೇಣು ಬಿಡಿಸಿ ನೇರ ಮಾಡುವ ಅಭ್ಯಾಸ ಬಿಡಬೇಕು. ಸ್ಕ್ರೂ ತಾಮ್ರದ ಮೇಲೆ ಕೂರಬೇಕು, ಪ್ಲಾಸ್ಟಿಕ್ ಮೇಲಲ್ಲ. ಬಿಗಿ ಮಾಡಿ, ಒಂದೊಂದೇ ತಂತಿ ಎಳೆದು ನೋಡಿ.

ಒಳ್ಳೆಯ ತಾಮ್ರ, ಒಳ್ಳೆಯ ಬಲನ್ ಇದ್ದರೆ ಹಳೆಯ ಟಿವಿಎಲ್ ಕ್ಯಾಮೆರಾದ ಚಿತ್ರ 300 ಮೀಟರ್, 1080ಪಿ ಚಿತ್ರ 150 ಮೀಟರ್ ಆರಾಮಾಗಿ ಹೋಗುತ್ತದೆ. ನಮ್ಮ 90 ಮೀಟರ್ ಚಿತ್ರಕ್ಕೆ ದೂರವೇ ಅಲ್ಲ. ಕರೆಂಟಿಗೆ ಮಾತ್ರ ದೂರ.

ಕರೆಂಟಿನ ಲೆಕ್ಕ

ಲ್ಯಾನ್ ಕೇಬಲ್‌ನ ಒಂದು ಎಳೆ ತೆಳು, ದಪ್ಪ ಸುಮಾರು ಅರ್ಧ ಮಿಲಿಮೀಟರ್. 100 ಮೀಟರ್‌ಗೆ ಅದರ ರೋಧ 9 ಓಮ್ ಎಂದು ಹಿಡಿಯಿರಿ. ಕರೆಂಟು ಹೋಗಿ ಮರಳಿ ಬರಬೇಕಾದ್ದರಿಂದ ದೂರ ಇಮ್ಮಡಿ. ಕ್ಯಾಮೆರಾ ಹಗಲಲ್ಲಿ 0.1ರಿಂದ 0.15 ಆಂಪಿಯರ್ ಎಳೆಯುತ್ತದೆ. ಕತ್ತಲಾಗಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ದೀಪಗಳು ಹೊತ್ತಿಕೊಂಡರೆ 0.4 ಆಂಪಿಯರ್‌ಗೆ ಏರುತ್ತದೆ.

60 ಮೀಟರ್‌ನ ಕ್ಯಾಮೆರಾಕ್ಕೆ ಒಂದೇ ಜೋಡಿಯಲ್ಲಿ ಕರೆಂಟು ಕೊಟ್ಟರೆ ದಾರಿಯ ರೋಧ 10.8 ಓಮ್. ರಾತ್ರಿ 0.4 ಆಂಪಿಯರ್‌ಗೆ 4.3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕ್ಯಾಮೆರಾಕ್ಕೆ ಸಿಗುವುದು 7.7 ವೋಲ್ಟ್. ಅದು ಆರಿಹೋಗುತ್ತದೆ, ಆರಿದೊಡನೆ ಎಳೆತ ನಿಂತು ವೋಲ್ಟೇಜ್ ಏರುತ್ತದೆ, ಮತ್ತೆ ಹೊತ್ತುತ್ತದೆ, ಐಆರ್ ಹಚ್ಚುತ್ತದೆ, ಮತ್ತೆ ಆರುತ್ತದೆ. ಕ್ಯಾಮೆರಾ ಕೆಳಗೆ ನಿಂತರೆ ಒಳಗೆ ಹಗಲು–ರಾತ್ರಿಗೆ ಬದಲಾಗುವ ಫಿಲ್ಟರ್ ಟಿಕ್, ಟಿಕ್ ಎನ್ನುವುದು ಕಿವಿಗೇ ಕೇಳುತ್ತದೆ. ‘ಹೋಗಿ ಹೋಗಿ ಬರ್ತೈತಿ’ ಎಂಬುದು ಇದೇ.

ಆದ್ದರಿಂದ ಉಳಿದ ಮೂರೂ ಜೋಡಿಯನ್ನು ಕರೆಂಟಿಗೇ ಕೊಡಿ. ಕಿತ್ತಳೆ, ಹಸಿರು, ಕಂದು ಮೂರನ್ನೂ ಕೂಡಿಸಿ ಪ್ಲಸ್. ಅವುಗಳ ಜೊತೆಗಿರುವ ಮೂರು ಬಿಳಿ ತಂತಿಗಳನ್ನು ಕೂಡಿಸಿ ಮೈನಸ್. ರೋಧ ಮೂರನೇ ಒಂದಕ್ಕೆ, ಅಂದರೆ 3.6 ಓಮ್‌ಗೆ ಇಳಿಯುತ್ತದೆ. ನಷ್ಟ 1.4 ವೋಲ್ಟ್, ಕ್ಯಾಮೆರಾಕ್ಕೆ 10.6. 12 ವೋಲ್ಟ್‌ನ ಕ್ಯಾಮೆರಾಕ್ಕೆ ಶೇ 10ರಷ್ಟು ಹೆಚ್ಚುಕಡಿಮೆ ಸಹಿಸುವ ಶಕ್ತಿ ಇರುತ್ತದೆಂದು ಹಿಡಿದರೆ ಬೇಕಾದ್ದು 10.8. ಕೂದಲೆಳೆಯ ಕೊರತೆ. ಎಸ್‌ಎಂಪಿಎಸ್ ಮೇಲೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ತಿರುಗಣೆ ಇರುತ್ತದೆ. ಮೀಟರ್ ಹಚ್ಚಿಕೊಂಡು 13.2 ವೋಲ್ಟ್‌ಗೆ ಏರಿಸಿ, ಅದಕ್ಕಿಂತ ಮೇಲೆ ಬೇಡ. ಈಗ 60 ಮೀಟರ್‌ನ ಕ್ಯಾಮೆರಾಕ್ಕೆ 11.8 ತಲುಪುತ್ತದೆ, 18 ಮೀಟರ್‌ನದಕ್ಕೂ 13.2 ಮೀರುವುದಿಲ್ಲ.

90 ಮೀಟರ್‌ನದಕ್ಕೂ ಲೆಕ್ಕ ಹಾಕಿದರೆ 11 ವೋಲ್ಟ್ ಬರುತ್ತದೆ, ಆದರೆ ಒಂದು ಸ್ಕ್ರೂ ಸಡಿಲಾದರೆ ಮುಗಿಯಿತು. 70 ಮೀಟರ್ ದಾಟಿದರೆ ಕ್ಯಾಮೆರಾ ಹತ್ತಿರವೇ 12 ವೋಲ್ಟ್ 1 ಆಂಪಿಯರ್‌ನ ಅಡಾಪ್ಟರ್ ಇಡಿ. ಗೋದಾಮಿನಲ್ಲಿ ರಾತ್ರಿ ಮೇನ್ ಸ್ವಿಚ್ ಇಳಿಸುವ ರೂಢಿಯಿದ್ದರೆ ಇನ್ನೊಂದು ದಾರಿ: ಆ ಕ್ಯಾಮೆರಾ ಒಂದಕ್ಕೇ ಬೇರೆ 24 ವೋಲ್ಟ್ ಎಸ್‌ಎಂಪಿಎಸ್‌ನಿಂದ ಕರೆಂಟು ಕಳಿಸಿ, ಆ ತುದಿಯಲ್ಲಿ ವೋಲ್ಟೇಜ್ ಇಳಿಸುವ ಕನ್ವರ್ಟರ್ ಇಟ್ಟು 12 ಮಾಡಿ. ಕ್ಯಾಮೆರಾ ಹಚ್ಚುವ ಮೊದಲೇ ಕನ್ವರ್ಟರನ್ನು 12ಕ್ಕೆ ಹೊಂದಿಸಿರಬೇಕು.

ಅಳೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಕ್ಯಾಮೆರಾ ಬಿಚ್ಚಿ, ಖಾಲಿ ಪಿನ್‌ಗೆ ಮೀಟರ್ ಹಚ್ಚುವುದು. ಕರೆಂಟು ಹರಿಯದಾಗ ನಷ್ಟವೂ ಇಲ್ಲ, ಎಂಥ ಕೆಟ್ಟ ಕೇಬಲ್‌ನಲ್ಲೂ 12 ತೋರಿಸುತ್ತದೆ. ಕ್ಯಾಮೆರಾ ಹಚ್ಚಿಯೇ, ಡಿಸಿ ಪಿನ್‌ನ ಸ್ಕ್ರೂಗಳ ಮೇಲೆ ಮೀಟರ್ ಇಟ್ಟು ಅಳೆಯಿರಿ. ಕತ್ತಲಾಗುವವರೆಗೆ ಕಾಯಬೇಕಿಲ್ಲ: ಲೆನ್ಸ್ ಮೇಲೆ, ದೀಪಗಳ ನಡುವಿನ ಸಣ್ಣ ಕಣ್ಣು ಮುಚ್ಚುವಂತೆ ಕಪ್ಪು ಬಟ್ಟೆ ಹೊದಿಸಿ. ಕೆಲ ಕ್ಷಣದಲ್ಲಿ ಐಆರ್ ಹೊತ್ತುತ್ತದೆ, ಮೀಟರ್‌ನ ಅಂಕಿ ಇಳಿಯುತ್ತದೆ. ಇಳಿದು ನಿಂತ ಅಂಕಿಯೇ ನಿಜ.

ಪ್ಲಸ್ ಮೈನಸ್ ತಿರುವಾದರೆ ಅಗ್ಗದ ಕ್ಯಾಮೆರಾ ಸುಟ್ಟೇಹೋಗುತ್ತದೆ. ಆದ್ದರಿಂದ ಮೊದಲ ಸಲ ಸಿಕ್ಕಿಸುವ ಮುಂಚೆ ಪಿನ್‌ನ ಒಳಗಡೆ ಪ್ಲಸ್ ಇದೆಯೇ ಎಂದು ಮೀಟರ್‌ನಲ್ಲಿ ನೋಡಿಕೊಳ್ಳಿ. ಎಸ್‌ಎಂಪಿಎಸ್‌ಗೆ ಅರ್ಥಿಂಗ್ ತಪ್ಪದೆ ಕೊಡಿ. 230 ವೋಲ್ಟ್‌ನ ಸ್ಕ್ರೂಗಳು ಬಯಲಲ್ಲೇ ಇರುವುದರಿಂದ ಮೇನ್ ಇಳಿಸಿಯೇ ಕೈ ಹಾಕಿ. ಹೆಸ್ಕಾಂ ಕರೆಂಟು ಹೋದಾಗಲೂ ದಾಖಲೆ ನಿಲ್ಲಬಾರದೆಂದಿದ್ದರೆ ಡಿವಿಆರ್ ಮತ್ತು ಎಸ್‌ಎಂಪಿಎಸ್ ಎರಡೂ ಒಂದೇ ಯುಪಿಎಸ್ ಮೇಲಿರಲಿ. ಡಿವಿಆರ್‌ಗೆ ಅದರದೇ ಅಡಾಪ್ಟರ್ ಬಳಸಿ.

ಡಿವಿಆರ್ ಕಡೆ

ಬಲನ್ ಸಿಕ್ಕಿಸಿ, ಹಚ್ಚಿ. ಹೊಸ ಡಿವಿಆರ್‌ಗಳು ಕ್ಯಾಮೆರಾದ ಬಗೆಯನ್ನು ತಾವೇ ಗುರುತಿಸುತ್ತವೆ. ಗುರುತಿಸದಿದ್ದರೆ ಆ ಚಾನೆಲ್ ಅನ್ನು ಸಿವಿಬಿಎಸ್, ಎಎಚ್‌ಡಿ, ಟಿವಿಐ, ಸಿವಿಐಗಳಲ್ಲಿ ಸರಿಯಾದದ್ದಕ್ಕೆ ಬದಲಿಸಿ. ಹಳೆಯ ಟಿವಿಎಲ್ ಕ್ಯಾಮೆರಾ ಎಂದರೆ ಸಿವಿಬಿಎಸ್. ಡಿವಿಆರ್ ಮೆನುವಿನಲ್ಲಿ ವಿಡಿಯೊ ವ್ಯವಸ್ಥೆ ಪಾಲ್ (PAL) ಆಗಿರಲಿ. ಬಾಲದಂತಿರುವ ತಂತಿಯಲ್ಲಿ ಪುಟ್ಟ ಗುಂಡಿ ಇರುವ ಕ್ಯಾಮೆರಾಗಳಲ್ಲಿ ಅದನ್ನು ಒಂದು ಕಡೆಗೆ ಐದು ಸೆಕೆಂಡ್ ಒತ್ತಿ ಹಿಡಿದರೆ ಬಗೆ ಬದಲಾಗುತ್ತದೆ. ಯಾರದೋ ಕೈ ತಾಗಿ ಬದಲಾಗಿದ್ದರೂ ಚಿತ್ರ ಮಾಯವಾಗುತ್ತದೆ.

ಚಿತ್ರ ಇಲ್ಲವೆಂದಾದರೆ ನೋಡುವ ಕ್ರಮ ಹೀಗಿರಲಿ. ಮೊದಲು ಕ್ಯಾಮೆರಾದ ಕಡೆ ವೋಲ್ಟೇಜ್. ಆಮೇಲೆ ನೀಲಿ ಜೋಡಿಯ ಪ್ಲಸ್ ಮೈನಸ್. ಆಮೇಲೆ ಡಿವಿಆರ್‌ನಲ್ಲಿ ಬಗೆ. ಕಡೆಗೆ ಚಾಲೂ ಇರುವ ಪಕ್ಕದ ಚಾನೆಲ್‌ನ ಬಲನ್ ತಂದು ಹಾಕಿ ನೋಡುವುದು. ಚಿತ್ರ ಬಂದು, ಅದರ ಮೇಲೆ ಅಡ್ಡ ಪಟ್ಟಿ ನಿಧಾನಕ್ಕೆ ಏರುತ್ತಿದ್ದರೆ ಅದು ಅರ್ಥ್ ಸುತ್ತಿನ (ಎರಡು ಕಡೆ ಅರ್ಥ್ ತಾಗಿದ) ತೊಂದರೆ. ಕಬ್ಬಿಣದ ಕಂಬಕ್ಕೋ ತಗಡಿನ ಶೆಡ್‌ಗೋ ಕ್ಯಾಮೆರಾದ ಲೋಹದ ಮೈ ನೇರ ತಾಗಿದಾಗ ಹೀಗಾಗುತ್ತದೆ. ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹಲಗೆ ಕೊಟ್ಟು, ಸ್ಕ್ರೂಗಳಿಗೂ ಪ್ಲಾಸ್ಟಿಕ್ ವಾಷರ್ ಹಾಕಿ.

ಮಳೆಗೆ ಮುಂಚೆ

ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದರೆ ಟೇಪ್ ಸುತ್ತಿದ ಜೋಡಣೆಗಳೆಲ್ಲ ಹಸಿರು ಹಿಡಿಯುತ್ತವೆ. ಬಲನ್, ಡಿಸಿ ಪಿನ್ ಎರಡೂ ಬಾಕ್ಸ್ ಒಳಗಿರಲಿ; ಕೇಬಲ್ ಬಾಕ್ಸ್‌ನ ತಳದಿಂದ ಒಳಬರಲಿ, ಬರುವ ಮುನ್ನ ಒಂದು ಜೋಲು ಬಿಡಿ, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಇಲಿ ಕಡಿದು ನಡುವೆ ಜೋಡಿಸಲೇಬೇಕಾದರೆ ಒಳಗೆ ಜೆಲ್ ತುಂಬಿದ ಯುವೈ ಕನೆಕ್ಟರ್ ಬಳಸಿ, ಎಳೆಗೊಂದು, ಬಣ್ಣಕ್ಕೆ ಬಣ್ಣ ಹೊಂದಿಸಿ.

ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಗುಡುಗು ಸಿಡಿಲು ಗದಗ, ಹಾವೇರಿ ಕಡೆಯ ಬಯಲಲ್ಲಿ ಜೋರು. ಕಟ್ಟಡದಿಂದ ಕಟ್ಟಡಕ್ಕೆ ಗಾಳಿಯಲ್ಲಿ ಎಳೆದ ಕೇಬಲ್ ಇದ್ದರೆ ಡಿವಿಆರ್ ಕಡೆ ವಿಡಿಯೊ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಹಸಿರು ತಂತಿಯನ್ನು ಅರ್ಥಿಂಗ್‌ಗೆ ಸೇರಿಸಿ. ಆ ತಂತಿಯನ್ನು ಸುಮ್ಮನೆ ಸುತ್ತಿ ಬಿಟ್ಟರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಬಾಕ್ಸ್ ಮುಚ್ಚುವ ಮುನ್ನ ಮುಚ್ಚಳದ ಒಳಗಡೆ ಕ್ಯಾಮೆರಾದ ಚಾನೆಲ್ ಸಂಖ್ಯೆ, ಕೇಬಲ್ ಉದ್ದ, ಐಆರ್ ಹೊತ್ತಿದಾಗ ಅಳೆದ ವೋಲ್ಟೇಜ್, ತಾರೀಕು ಬರೆದಿಡಿ. ಮುಂದಿನ ವರ್ಷ ಅದೇ ಅಂಕಿ ಅರ್ಧ ವೋಲ್ಟ್ ಇಳಿದಿದ್ದರೆ ಮೊದಲು ಸ್ಕ್ರೂಗಳನ್ನು ಬಿಗಿ ಮಾಡಿ.