ನಮ್ಮ ಮನೆಯ ಜೇಬುಗಡಿಯಾರ ಮಾಡಿದವರು ಯಾರು?

ಹಳೇ ಜೇಬುಗಡಿಯಾರ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಡಯಲ್ ಮೇಲಿನ ಹೆಸರು. ಅಲ್ಲಿ ಇರುವುದೇ ಕಂಪನಿ ಎಂದು ನಂಬಿಬಿಡುತ್ತಾರೆ. ನಮ್ಮ ಮನೆಯದರ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಎಂದಿದೆ. ಮೌಂಟ್ ರೋಡಿನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದ ಹೆಸರುವಾಸಿ ವ್ಯಾಪಾರಿಗಳು ಅವರು. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ, ಬೊಂಬಾಯಿಯ ವೆಸ್ಟ್ ಎಂಡ್ ಹೆಸರುಗಳೂ ಹೀಗೇ ಕಾಣಿಸುತ್ತವೆ. ಬಹಳ ಸಲ ಇವರು ತರಿಸಿ ಮಾರಿದವರು, ಅಷ್ಟೇ. ಒಳಗಿನ ಮಷೀನ್ ಸ್ವಿಟ್ಜರ್ಲೆಂಡಿನದೋ ಇಂಗ್ಲೆಂಡಿನದೋ ಆಗಿರುತ್ತದೆ. ಹೊರಗಿನ ಲೋಹದ ಕೇಸ್ ಮಾಡಿದವರು ಇನ್ಯಾರೋ. ನನಗೆ ಬೇಕಿದ್ದದ್ದು ಮಷೀನ್ ಮಾಡಿದವರ ಹೆಸರು.

ಈ ಗಡಿಯಾರದ ಬಗ್ಗೆ ಮನೆಯಲ್ಲಿ ಒಂದು ಕಥೆ ಇದೆ. ಅಜ್ಜನ ತಾತ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಅಠಾರಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ದಿವಾನ್ ರಂಗಾಚಾರ್ಲು ಅವರೇ ಕೆಲಸ ಮೆಚ್ಚಿ ಕೊಟ್ಟದ್ದು ಎಂದು ಅಜ್ಜಿ ಹೇಳುತ್ತಿದ್ದರು. ಅದನ್ನೂ ಜೊತೆಗೇ ನೋಡಿಬಿಡೋಣ ಎಂದುಕೊಂಡೆ.

ಹಿಂಬದಿಯ ಮುಚ್ಚಳದ ಅಂಚಿನಲ್ಲಿ ಬೆರಳಾಡಿಸಿದರೆ ಉಗುರು ಹಿಡಿಯುವಷ್ಟು ಸಣ್ಣ ತುಟಿ ಸಿಗುತ್ತದೆ. ಅಲ್ಲಿಂದ ಎತ್ತಬೇಕು. ತುಟಿಯೂ ಇಲ್ಲ, ಕೀಲೂ ಇಲ್ಲ ಅಂದರೆ ಅದು ತಿರುಗಿಸಿ ತೆಗೆಯುವ ಮುಚ್ಚಳ ಇರಬಹುದು. ಬಲವಂತ ಮಾಡಬೇಡಿ. ಚಿನ್ನದ ಅಂಗಡಿಯವರು ಇಟ್ಟುಕೊಳ್ಳುವಂಥ ಹತ್ತು ಪಟ್ಟಿನ ಲೆನ್ಸ್ ಒಂದು ಇರಲಿ. ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿಯಿರಿ. ಸವೆದ ಮುದ್ರೆಗಳು ಆಗಲೇ ಎದ್ದು ಕಾಣುವುದು.

ಮುಚ್ಚಳದ ಒಳಗೆ 0.935 ಎಂಬ ಅಂಕಿ, ಪಕ್ಕದಲ್ಲಿ ಎಳ್ಳಿನ ಗಾತ್ರದ ಮೂರು ಕರಡಿ. ಇದು ಸ್ವಿಸ್ ಬೆಳ್ಳಿಯ ಗುರುತು; ಸಾವಿರದಲ್ಲಿ 935 ಪಾಲು ಶುದ್ಧ ಬೆಳ್ಳಿ ಎಂದರ್ಥ. ಅಲ್ಲಿ 0.800 ಬೆಳ್ಳಿಗೆ ಕಾಡುಕೋಳಿಯಂಥ ಒಂದು ಹಕ್ಕಿ, 0.875ಕ್ಕೆ ನಿಂತಿರುವ ಒಂದು ಕರಡಿ, 18 ಕ್ಯಾರೆಟ್ ಚಿನ್ನಕ್ಕೆ ಹೆಣ್ಣಿನ ತಲೆ. ಮೂರು ಕರಡಿ ಬಂದದ್ದು ಬ್ರಿಟನ್ನಿನ ಕಾರಣದಿಂದ. 1887ರಲ್ಲಿ ಅಲ್ಲಿ ಸರಕಿನ ಮುದ್ರೆಗಳ ಮೇಲೆ ಬಿಗಿ ಕಾಯ್ದೆ ಬಂತು. ಬ್ರಿಟಿಷ್ ಸ್ಟರ್ಲಿಂಗ್ ಬೆಳ್ಳಿ 0.925. ಅದಕ್ಕಿಂತ ಕಡಿಮೆಯಾಗದಂತೆ ಸ್ವಿಸ್ಸರು 0.935ಕ್ಕೆ ಈ ಮುದ್ರೆ ಹಾಕತೊಡಗಿದರು.

ರಂಗಾಚಾರ್ಲು ತೀರಿಕೊಂಡದ್ದು 1883ರಲ್ಲಿ, ಈ ಮುದ್ರೆ ಬರುವ ಮೊದಲೇ. ಅವರು ಈ ಗಡಿಯಾರ ಕೊಟ್ಟಿರಲು ಸಾಧ್ಯವೇ ಇಲ್ಲ. ಅವರ ನಂತರ 1901ರವರೆಗೆ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಮೂರ್ನಾಲ್ಕು ತಲೆಮಾರು ಬಾಯಿಂದ ಬಾಯಿಗೆ ಬರುವಾಗ ಒಬ್ಬ ದಿವಾನರ ಜಾಗಕ್ಕೆ ಇನ್ನೊಬ್ಬರು ಬಂದಿರಬಹುದು. ಇಲ್ಲವೇ ತಾತ ತಮ್ಮ ಸಂಬಳದಲ್ಲೇ ಕೊಂಡಿರಬಹುದು. ನನಗಂತೂ ಅದೂ ಅಷ್ಟೇ ಹೆಮ್ಮೆಯ ವಿಷಯ.

ಅದೇ ಮುಚ್ಚಳದಲ್ಲಿ ಸೂಜಿಯಿಂದ ಗೀಚಿದ ಗುರುತುಗಳೂ ಇದ್ದವು. ರಿಪೇರಿಯವರು ತಮ್ಮ ಲೆಕ್ಕಕ್ಕೆ ಹಾಗೆ ಗೀಚಿಕೊಳ್ಳುತ್ತಿದ್ದರು. ಒಂದು ಕಡೆ ಕನ್ನಡ ಅಂಕಿಯಲ್ಲಿ ‘೩೧’ ಎಂದಿದೆ. ಇಸವಿಯೋ ರಸೀದಿ ನಂಬರೋ, ಹೇಳುವಂತಿಲ್ಲ. ನಮ್ಮ ಸೀಮೆಯ ಯಾರೋ ಒಬ್ಬರು ಇದನ್ನು ಬಿಚ್ಚಿ ಸರಿಮಾಡಿದ್ದಾರೆ ಅನ್ನುವುದು ಮಾತ್ರ ಖಚಿತ.

ಒಳಮುಚ್ಚಳದ ಮೇಲೆ ಫ್ರೆಂಚಿನಲ್ಲಿ ‘ರೆಮೊಂಟ್ವಾರ್’, ‘ಆಂಕ್ರ್’, ‘15 ರೂಬಿ’ ಎಂದು ಅಂದವಾಗಿ ಕೆತ್ತಿದ್ದಾರೆ. ಇದನ್ನೇ ಕಂಪನಿ ಹೆಸರು ಅಂದುಕೊಂಡು ಹುಡುಕುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಕೀಲಿ ಕೊಡಲು ಬೇರೆ ಕೀಲಿಕೈ ಬೇಡ, ‘ತಲೆ’ ಅಂದರೆ ಮೇಲಿನ ಗುಂಡಿ ತಿರುಗಿಸಿದರೆ ಸಾಕು; ಚಕ್ರದ ಓಟವನ್ನು ಹಿಡಿದು ಬಿಡುವ ಸಣ್ಣ ಲಿವರ್ ಇರುವ ಮಷೀನ್; ಸವೆಯದಂತೆ ಒಳಗೆ ಕೂರಿಸಿದ 15 ಕಲ್ಲು. ಅದರಲ್ಲಿರುವ ಮಾಹಿತಿ ಇಷ್ಟೇ. ‘ರೋಸ್ಕಾಫ್’ ಎಂದಿದ್ದರೂ ಹುಷಾರು. ಬಡವರಿಗೂ ಎಟುಕುವ ಗಡಿಯಾರ ಬೇಕೆಂದು ರೋಸ್ಕಾಫ್ ಎಂಬ ಗಡಿಯಾರ ತಯಾರಕರು 1867ರಲ್ಲಿ ಒಂದು ಮಷೀನ್ ತಂದರು. ಆಮೇಲೆ ‘ರೋಸ್ಕಾಫ್ ಪದ್ಧತಿ’ ಎಂದು ಬರೆದುಕೊಂಡು ಎಷ್ಟೋ ಕಾರ್ಖಾನೆಗಳು ಅದನ್ನು ಮಾಡಿದವು. ಮಷೀನ್ ಮೇಲೆ ಸಣ್ಣ ಶಿಲುಬೆ, ಪಕ್ಕದಲ್ಲಿ ಅಂಕಿ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದು ಸ್ವಿಸ್ ಪೇಟೆಂಟ್ ನಂಬರು. ಅಲ್ಲಿ ಈ ಪೇಟೆಂಟ್ ಶುರುವಾದದ್ದು 1888ರಲ್ಲಿ. ನಂಬರು ಹಿಡಿದು ಹುಡುಕಿದರೆ ಪೇಟೆಂಟ್ ಪಡೆದವರ ಹೆಸರೇ ಸಿಗುತ್ತದೆ.

ನಮ್ಮದರಲ್ಲಿ ಅದೂ ಇರಲಿಲ್ಲ. ಉಳಿದದ್ದು ಡಯಲ್ ತೆಗೆದು ನೋಡುವುದೊಂದೇ. ಹೊರಗೆ ಅಂಗಡಿಯವರ ಹೆಸರಿದ್ದರೂ, ಬಿಡಿಭಾಗ ಬೇಕಾದಾಗ ಗುರುತು ಸಿಗಲೆಂದು ಕಾರ್ಖಾನೆಯವರು ಡಯಲ್ ಕೆಳಗಿನ ಪ್ಲೇಟಿನಲ್ಲಿ ತಮ್ಮ ಮುದ್ರೆ ಒತ್ತುವುದಿತ್ತು.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಕೈಗಳಿಗೆ ಬರವಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತಲ್ಲ, ಅಲ್ಲಿ ಪಳಗಿದವರು ಇನ್ನೂ ಇದ್ದಾರೆ. ನಮ್ಮ ಪರಿಚಯದ ಒಬ್ಬ ಹಿರಿಯರು ಅಲ್ಲಿಂದಲೇ ನಿವೃತ್ತರಾದವರು. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಕೂತರು.

ಮೊದಲು ಸ್ಪ್ರಿಂಗಿನ ಬಿಗಿ ಇಳಿಸಿದರು. ತಲೆಯನ್ನು ಎರಡು ಬೆರಳಲ್ಲಿ ಹಿಡಿದು, ಒಳಗಿನ ಕೊಂಡಿ ಸರಿಸಿ, ಬೆರಳ ಸಂದಿಯಲ್ಲೇ ನಿಧಾನವಾಗಿ ಬಿಚ್ಚಲು ಬಿಟ್ಟರು. “ಇದನ್ನ ಮಾಡದೆ ಒಂದು ಸ್ಕ್ರೂನೂ ಮುಟ್ಟಬಾರದು ಕಣಪ್ಪಾ” ಎಂದರು. ಮಷೀನ್ ಕೇಸಿನಿಂದ ಹೊರಬಂತು. ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಇಟ್ಟು ಮುಳ್ಳು ಎತ್ತಿದರು. ಪ್ಲೇಟಿನ ಅಂಚಿನಲ್ಲಿ ಡಯಲ್ ಹಿಂಬದಿಯ ಪುಟ್ಟ ಕಾಲುಗಳನ್ನು ಹಿಡಿದುಕೊಂಡಿರುವ ಸ್ಕ್ರೂಗಳನ್ನು ಪೂರ್ತಿ ಬಿಚ್ಚದೆ ಸಡಿಲ ಮಾತ್ರ ಮಾಡಿದರು. ತಾಮ್ರದ ತಗಡಿನ ಮೇಲೆ ಎನಾಮೆಲ್ ಹಚ್ಚಿ ಸುಟ್ಟ ಡಯಲ್ ಅದು. ಸ್ವಲ್ಪ ಬಾಗಿದರೂ ಬಿರುಕು. ಎರಡೂ ಕಡೆಯಿಂದ ಕೂದಲೆಳೆಯಷ್ಟು ಎತ್ತುತ್ತಾ ಬಂದರು. ನಾನು ಉಸಿರು ಬಿಗಿಹಿಡಿದಿದ್ದೆ.

ಒಣಗಿದ ಎಣ್ಣೆಯ ಕಲೆಯನ್ನು ಬ್ರಷ್ಷಿನಿಂದ ಸರಿಸಿದಾಗ ‘ಜಿ.ಟಿ.’ ಎಂಬ ಎರಡು ಅಕ್ಷರ ಕಂಡಿತು. “ನೋಡಪ್ಪಾ, ಡಯಲ್ ಅಂಗಡಿಯವನದು, ಪ್ಲೇಟು ಫ್ಯಾಕ್ಟರಿಯವನದು” ಎಂದು ಲೆನ್ಸ್ ನನ್ನ ಕೈಗೆ ಕೊಟ್ಟರು. ಪ್ಲೇಟಿನ ಅಗಲ ಸುಮಾರು 43 ಮಿ.ಮೀ. ಗಡಿಯಾರದವರ ಅಳತೆಯಲ್ಲಿ 19 ಲೀನ್ಯ. ಒಂದು ಲೀನ್ಯ ಅಂದರೆ 2.256 ಮಿ.ಮೀ. ಈ ಅಳತೆ, ಮುಳ್ಳು ತಿರುಗಿಸುವ ಭಾಗಗಳ ಆಕಾರ ಎರಡನ್ನೂ ಹಳೇ ಬಿಡಿಭಾಗಗಳ ಪಟ್ಟಿಯ ಚಿತ್ರಗಳ ಜೊತೆ ಹೋಲಿಸಿದೆವು. ಮುದ್ರೆ ಒಂದನ್ನೇ ನಂಬುವುದಕ್ಕಿಂತ ಇದು ಗಟ್ಟಿ.

ಜಿ.ಟಿ. ಅಂದರೆ ಗೆಡಿಯಾನ್ ಥೊಮ್ಮೆನ್. ಸ್ವಿಟ್ಜರ್ಲೆಂಡಿನ ಬಾಸೆಲ್ ಸೀಮೆಯ ವಾಲ್ಡನ್‌ಬರ್ಗ್ ಎಂಬ ಸಣ್ಣ ಊರಿನವರು. 1853ರಲ್ಲಿ ಜನಕ್ಕೆ ಕೆಲಸ ಬೇಕೆಂದು ಊರಿನವರೇ ಶುರುಮಾಡಿದ ಗಡಿಯಾರದ ಉದ್ಯಮವನ್ನು ಆಮೇಲೆ ಬೆಳೆಸಿದವರು ಇವರು. ಆ ಊರಿನ ಮಷೀನ್ ಮದ್ರಾಸಿನ ಡಯಲ್ ಹೊತ್ತು ನಮ್ಮ ತಾತನ ಕೋಟಿನ ಜೇಬಿಗೆ ಬಂದಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಮ್ಮದು ಅಮೆರಿಕದ ವಾಲ್ತಮ್ ಅಥವಾ ಎಲ್ಜಿನ್ ಆಗಿದ್ದರೆ ಇಷ್ಟೆಲ್ಲ ಬೇಡ. ಮಷೀನ್ ಮೇಲಿನ ನಂಬರನ್ನು ಪಟ್ಟಿಯಲ್ಲಿ ಹುಡುಕಿದರೆ ತಯಾರಾದ ವರ್ಷದ ಅಂದಾಜು ತಕ್ಷಣ ಸಿಗುತ್ತದೆ. ಕೇಸಿನ ನಂಬರು ಅಲ್ಲ, ಮಷೀನ್ ನಂಬರು. ಲಾಂಜೀನ್ಸ್ ಆದರೆ ಕಂಪನಿಗೇ ಬರೆಯಿರಿ, ಹಳೇ ದಫ್ತರ ನೋಡಿ ತಿಳಿಸುತ್ತಾರೆ. ಉಳಿದವರು ಅವೆನ್ಯೂ ರಸ್ತೆಯಲ್ಲೋ ಚಿಕ್ಕಪೇಟೆಯಲ್ಲೋ ಸರ್ವಿಸ್‌ಗೆ ಕೊಡುವಾಗಲೇ ಒಂದು ಮಾತು ಹೇಳಿಡಿ: ಡಯಲ್ ತೆಗೆದಾಗ ಕೆಳಗಿನ ಪ್ಲೇಟಿನದೊಂದು ಫೋಟೊ ಬೇಕು. ಕೇಸಿಗೆ ಪಾಲಿಶ್ ಮಾತ್ರ ಬೇಡವೇ ಬೇಡ. ಎಳ್ಳಿನಷ್ಟಿರುವ ಆ ಕರಡಿಗಳು ಒಮ್ಮೆ ಸವೆದುಹೋದರೆ ಮತ್ತೆ ಸಿಗುವುದಿಲ್ಲ.